ಹೊಸೂರಿನ ಲೇತ್ ಅಂಗಡಿಯಲ್ಲಿ ಅಪ್ಪನ ಜಾವಾ

ನಮ್ಮ ಮನೆಯಲ್ಲಿ ಒಂದು ಹಳೆಯ ಜಾವಾ ಬೈಕಿದೆ. 1968ರ ಮಾದರಿ. ಅಪ್ಪ ಅದನ್ನು 1974ರಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡರು. ಅವರು ಉಪದೇಶಿಯಾಗಿದ್ದವರು. ಆಗ ನಮ್ಮ ಕಡೆಯ ಹಳ್ಳಿಗಳಿಗೆ ಬಸ್ಸು ಅಪರೂಪ. ಭಾನುವಾರ ಬಂತೆಂದರೆ ಸ್ವಾಮಿಯವರು ಪೂಜೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಹಿಂದೆ ಕೂರುತ್ತಿದ್ದರು. ಜಾವಾದ ಸದ್ದು ಕೆರೆಯ ಏರಿಯ ಮೇಲೆ ಕೇಳಿದ ಕೂಡಲೇ ಹಳ್ಳಿಯಲ್ಲಿ ಗಂಟೆ ಹೊಡೆಯುತ್ತಿದ್ದರಂತೆ. ನಾವು ಅಣ್ಣತಮ್ಮಂದಿರಿಬ್ಬರೂ ಹುಟ್ಟುವ ಮುನ್ನ ಅಮ್ಮ ಆಸ್ಪತ್ರೆಗೆ ಹೋದದ್ದೂ ಇದೇ ಬೈಕಿನ ಹಿಂದಿನ ಸೀಟಿನಲ್ಲಿ.

ಅಪ್ಪ ತೀರಿಕೊಂಡ ಮೇಲೆ ಗಾಡಿ ಹಿತ್ತಲಿನ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಗುಜರಿಯವನು ವರ್ಷಕ್ಕೆರಡು ಸಲ ಬಂದು ಕೇಳಿ ಹೋಗುತ್ತಿದ್ದ. ಕೊನೆಗೆ ಅಮ್ಮನೇ ಒಂದು ದಿನ, "ಅಪ್ಪನ ವರ್ಷದ ಪೂಜೆಯೊಳಗೆ ಇದನ್ನು ಓಡಿಸಿ ತೋರಿಸಿ, ಇಲ್ಲದಿದ್ದರೆ ಕೊಟ್ಟುಬಿಡಿ. ಸತ್ತ ಗಾಡಿಯನ್ನು ದಿನಾ ನೋಡಲು ನನ್ನಿಂದ ಆಗುವುದಿಲ್ಲ" ಎಂದುಬಿಟ್ಟರು. ಪೂಜೆಗೆ ಮೂರು ತಿಂಗಳಿತ್ತು.

ನಾವು ಮಾಡಿದ ಮೊದಲ ತಪ್ಪು ಅವಸರ. ಹತ್ತಿರದ ಒಂದು ವರ್ಕ್‌ಶಾಪಿಗೆ ಗಾಡಿ ಕೊಟ್ಟೆವು. ಎರಡು ವಾರದಲ್ಲಿ "ಆಯಿತು, ತೆಗೆದುಕೊಂಡು ಹೋಗಿ" ಎಂದರು. ಬೈಕು ಸ್ಟಾರ್ಟ್ ಆಯಿತು, ಹೊಗೆ ಬಿಟ್ಟಿತು, ನಾವು ಕುಣಿದಾಡಿದೆವು! ನಲವತ್ತು ಕಿಲೋಮೀಟರ್ ಓಡಿದ ಮೇಲೆ ಒಳಗಿನಿಂದ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಸದ್ದು ಬಂದು ಎಂಜಿನ್ ಹಿಡಿದುಕೊಂಡಿತು. ಊರಿನ ಹಳೆಯ ಮೆಕ್ಯಾನಿಕ್ ಒಬ್ಬರು ಬಿಚ್ಚಿ ನೋಡಿ ತಲೆ ಚಚ್ಚಿಕೊಂಡರು. ಸಡಿಲವಾಗಿದ್ದ ಕ್ರಾಂಕ್ ಪಿನ್ನನ್ನು ಸರಿಮಾಡುವ ಬದಲು ಅದರ ತುದಿಗೆ ವೆಲ್ಡಿಂಗ್ ಚುಕ್ಕೆ ಇಟ್ಟು ಮುಚ್ಚಿದ್ದರು. ಅಷ್ಟೇ ಅಲ್ಲ, ಗಾಡಿಯಲ್ಲಿದ್ದ ಅಸಲಿ ಕಾರ್ಬುರೇಟರ್ ಹೋಗಿ ಅದರ ಜಾಗಕ್ಕೆ ಡೂಪ್ಲಿಕೇಟ್ ಬಂದು ಕೂತಿತ್ತು. ಕೇಳಲು ಹೋದರೆ, "ನೀವು ತಂದಾಗಲೇ ಹಾಗಿತ್ತು" ಎಂಬ ಉತ್ತರ. ನಮ್ಮ ಬಳಿ ಒಂದು ಫೋಟೋ ಸಹ ಇರಲಿಲ್ಲ.

ಕ್ರಾಂಕ್ ಎಂದರೇನು ಎಂದು ಕೇಳುವ ಅಕ್ಕಂದಿರಿಗೆ ಒಂದು ಮಾತು. ಮನೆಯ ಹೊಲಿಗೆ ಮಿಷನ್ನನ್ನು ನೆನಪಿಸಿಕೊಳ್ಳಿ. ಕಾಲಿನಿಂದ ಹಲಗೆಯನ್ನು ಮೇಲೆ ಕೆಳಗೆ ತುಳಿದರೆ ಒಂದು ಕಡ್ಡಿಯ ಮೂಲಕ ಚಕ್ರ ಗಿರಗಿರನೆ ತಿರುಗುತ್ತದಲ್ಲ? ಎಂಜಿನ್ನಿನಲ್ಲಿ ಹಲಗೆಯ ಜಾಗದಲ್ಲಿ ಪಿಸ್ಟನ್, ಕಡ್ಡಿಯ ಜಾಗದಲ್ಲಿ ಕನೆಕ್ಟಿಂಗ್ ರಾಡ್. ಜಾವಾದಲ್ಲಿ ಎರಡು ಉಕ್ಕಿನ ಚಕ್ರಗಳ ನಡುವೆ ಒಂದು ದಪ್ಪ ಪಿನ್ನನ್ನು ಒತ್ತಿ ಕೂರಿಸಿರುತ್ತಾರೆ. ಬೋಲ್ಟಿಲ್ಲ, ನಟ್ಟಿಲ್ಲ. ರಂಧ್ರಕ್ಕಿಂತ ಪಿನ್ನು ಕೂದಲೆಳೆಯಷ್ಟು ದಪ್ಪ ಇರುವುದರಿಂದ, ಆ ಬಿಗಿತದ ಮೇಲೆಯೇ ಎಲ್ಲವೂ ನಿಂತಿರುತ್ತದೆ. ಆ ಬಿಗಿತ ಹೋಯಿತೆಂದರೆ ಮುಗಿಯಿತು.

ಮಾರುಕಟ್ಟೆಯಲ್ಲಿ ಹೊಸದು ಸಿಗುವುದಿಲ್ಲವೇ? ಜಾವಾವನ್ನು ನಮ್ಮ ಮೈಸೂರಿನಲ್ಲೇ ಮಾಡುತ್ತಿದ್ದರು. ಜೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲಕ್ಷರ ಸೇರಿಸಿ 'ಜಾವಾ' ಎಂದು ಕರೆದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಶುರುಮಾಡಿತು. ಆಮೇಲೆ ಅದೇ ಗಾಡಿ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರನ್ನು ಮತ್ತೆ ತಂದಿದೆ, ಆದರೆ ಅದು ಫೋರ್ ಸ್ಟ್ರೋಕ್ ಎಂಜಿನ್. ಹೆಸರು ಒಂದೇ ಆದರೂ ನಮ್ಮ ಗಾಡಿಗೆ ಅದರ ಎಂಜಿನ್ನಿನ ಒಂದು ಬಿಡಿಭಾಗವೂ ಕೂರುವುದಿಲ್ಲ. ಡೂಪ್ಲಿಕೇಟ್ ಕ್ರಾಂಕ್ ಸಿಗುತ್ತದೆ. ಒಂದು ಒಳ್ಳೆಯದಿದ್ದರೆ ಇನ್ನೊಂದು ಕೆಟ್ಟದ್ದು. ಮೆಕ್ಯಾನಿಕ್ ಹೇಳಿದರು, "ಅಸಲಿ ಚಕ್ರಗಳು ನಿಮ್ಮ ಹತ್ತಿರವೇ ಇವೆ. ಬಿಡಬೇಡಿ. ಒಳ್ಳೆ ಲೇತ್ ಮೇಸ್ತ್ರಿ ಬೇಕು, ಅಷ್ಟೆ. ಹೊಸೂರಿಗೆ ಹೋಗಿ."

ಹೀಗೆ ನಾವಿಬ್ಬರೂ ಒಂದು ಶನಿವಾರ ಕ್ರಾಂಕನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬಟ್ಟೆಚೀಲದಲ್ಲಿಟ್ಟುಕೊಂಡು ಹೊರಟೆವು. ಕಾರ್ಬುರೇಟರ್ ಕಲಿಸಿದ ಪಾಠ ನೆನಪಿತ್ತು. ಈ ಸಲ ಯಾರೂ ಬದಲಾಯಿಸದಂತೆ ಹಿಂದಿನ ರಾತ್ರಿಯೇ ಚಕ್ರಗಳ ಅಂಚಿನ ಮೇಲೆ ಸುತ್ತಿಗೆ ಮತ್ತು ಪಂಚಿನಿಂದ ಮೂರು ಮೂರು ಚುಕ್ಕೆ ಹೊಡೆದು ಗುರುತು ಮಾಡಿಕೊಂಡಿದ್ದೆವು. ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡಿದ್ದೆವು.

ಅತ್ತಿಬೆಲೆ ದಾಟಿದರೆ ಜೂಜುವಾಡಿ. ಅಲ್ಲಿಂದ ಬೋರ್ಡುಗಳೆಲ್ಲ ತಮಿಳು. ಆದರೂ ಅಂಗಡಿಯವರ ಬಾಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ವಾಕ್ಯದಲ್ಲಿ ಬರುತ್ತವೆ. ಹೊಸೂರು ಎಂಬ ಹೆಸರೇ ನಮ್ಮ 'ಹೊಸ ಊರು' ತಾನೇ? ಚಂದ್ರಚೂಡೇಶ್ವರ ಬೆಟ್ಟ ಕಂಡರೆ ಊರು ಬಂತೆಂದು ಅರ್ಥ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 40 ಕಿಲೋಮೀಟರ್. 1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಸಿಪ್ಕಾಟ್ ಸಂಸ್ಥೆ ಇಲ್ಲಿ ಕೈಗಾರಿಕಾ ಬಡಾವಣೆ ಮಾಡಿದ ಮೇಲೆ ಊರಿನ ಚಹರೆಯೇ ಬದಲಾಯಿತು. 1980ರಲ್ಲಿ ಇಲ್ಲಿಂದಲೇ ಟಿವಿಎಸ್ 50 ಮೊಪೆಡ್ ಹೊರಬಂದದ್ದು. 1984ರಲ್ಲಿ ಇಂಡ್-ಸುಜುಕಿ ಬೈಕು ಬಂತು. ಅಶೋಕ್ ಲೇಲ್ಯಾಂಡಿನ ಲಾರಿಗಳು, ಟೈಟನ್ ಕೈಗಡಿಯಾರಗಳು ಎಲ್ಲ ಇಲ್ಲಿನವೇ. 2002ರಲ್ಲಿ ಬಂದ ಟೈಟನ್ ಎಡ್ಜ್ ಗಡಿಯಾರದ ಒಳಗಿನ ಯಂತ್ರ ಬರೀ 1.15 ಮಿಲಿಮೀಟರ್ ದಪ್ಪ! ಅಂಥದ್ದನ್ನು ಮಾಡುವ ಊರಿನಲ್ಲಿ ಒಂದು ಪಿನ್ನು ಮಾಡುವವರು ಸಿಗುವುದಿಲ್ಲವೇ ಎಂಬ ಧೈರ್ಯ ನಮ್ಮದು.

ಆ ಧೈರ್ಯ ಮಧ್ಯಾಹ್ನದೊಳಗೆ ಇಳಿದುಹೋಯಿತು. ಮೂಕಂಡಪಳ್ಳಿಯ ಕಡೆ ಶೆಡ್ಡಿನಿಂದ ಶೆಡ್ಡಿಗೆ ಅಲೆದೆವು. ಒಳಗೆ ಗಾಜಿನ ಕಿಟಕಿಯ ಸಿಎನ್‌ಸಿ ಯಂತ್ರಗಳು, ಮುಂದೆ ಕಂಪ್ಯೂಟರಿನ ಎದುರು ಹುಡುಗರು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. "ಒಂದು ಪೀಸಾ ಸಾರ್? ಸಾವಿರ ಇದ್ದರೆ ಹೇಳಿ" ಎಂದರು. ಅವರ ತಪ್ಪೇನೂ ಇಲ್ಲ. ಒಂದು ಪಿನ್ನಿಗಾಗಿ ಯಂತ್ರವನ್ನು ಹೊಂದಿಸಲು ಅರ್ಧ ದಿನ ಬೇಕು, ಆ ಅರ್ಧ ದಿನದಲ್ಲಿ ಅವರು ನೂರಾರು ಭಾಗ ಕತ್ತರಿಸಿ ಹಾಕುತ್ತಾರೆ. ಒಬ್ಬರು ಮಾತ್ರ, "ಕೃಷ್ಣಗಿರಿಯಲ್ಲಿ ಹಳೇ ರೀಬೋರ್ ಅಂಗಡಿಗಳಿವೆ, ಅಲ್ಲಿ ಕೇಳಿ" ಎಂದು ದಾರಿ ತೋರಿಸಿದರು.

ಮುಂದಿನ ಶನಿವಾರ ಕೃಷ್ಣಗಿರಿಗೆ ಹೋದೆವು. ಹೊಸೂರಿನಿಂದ ಇನ್ನೂ 50 ಕಿಲೋಮೀಟರ್. ಶೂಳಗಿರಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬಂಡೆಬೆಟ್ಟಗಳು, ನಡುವೆ ಮಾವಿನ ತೋಪು. ನಾವು ತೋತಾಪುರಿ ಎನ್ನುವ ಹಣ್ಣನ್ನು ಅಲ್ಲಿಯವರು 'ಬೆಂಗಳೂರಾ' ಎನ್ನುತ್ತಾರೆ! 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಜಿಲ್ಲೆಯಾದ ಈ ಊರು ಹೆದ್ದಾರಿಗಳು ಕೂಡುವ ಜಾಗ. ಹೀಗಾಗಿ ಲಾರಿ ರಿಪೇರಿಯ ಅಂಗಡಿಗಳಿಗೆ ಬರವಿಲ್ಲ.

ಅಲ್ಲೊಬ್ಬ ವಯಸ್ಸಾದ ಯಜಮಾನರು ನಮ್ಮ ಕ್ರಾಂಕನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ವಾಪಸ್ ಚೀಲದಲ್ಲಿಟ್ಟು, "ಇದು ನನ್ನ ಕೈಲಿ ಆಗಲ್ಲ. ನನ್ನ ಮಿಷನ್ನು ಲಾರಿ ಎಂಜಿನ್ನಿಗೆ. ಮಾಡುತ್ತೇನೆಂದು ಹೇಳಿದರೆ ಸುಳ್ಳಾಗುತ್ತೆ" ಎಂದರು. ಅಷ್ಟು ದೂರ ಹೋಗಿದ್ದಕ್ಕೆ ಬೇಸರವಾಗಬೇಕಿತ್ತು. ಆದರೆ ಎರಡು ತಿಂಗಳಲ್ಲಿ ನಮಗೆ ಸಿಕ್ಕ ಮೊದಲ ನಂಬುವಂಥ ಮನುಷ್ಯ ಅವರೇ ಎನ್ನಿಸಿತು. "ಹಾಗಾದರೆ ಯಾರ ಹತ್ತಿರ ಹೋಗೋಣ?" ಎಂದಾಗ ಒಂದು ಹೆಸರು ಹೇಳಿದರು. ಎಲ್ಲಿ? ಮತ್ತೆ ಹೊಸೂರಿನಲ್ಲೇ, ನಾವು ಹಿಂದಿನ ವಾರ ಅಲೆದ ಬೀದಿಯ ಹಿಂದಿನ ಗಲ್ಲಿಯಲ್ಲಿ! ಐದು ಕಿಲೋ ಬೆಂಗಳೂರಾ ಕೊಂಡು ಹಿಂದಿರುಗಿದೆವು.

ಆ ಅಂಗಡಿಗೆ ಬೋರ್ಡಿಲ್ಲ. ಸಿಮೆಂಟ್ ಶೀಟಿನ ಶೆಡ್ಡು, ಒಂದು ಬಲ್ಬು, ಒಂದು ಲೇತ್. ಮೇಸ್ತ್ರಿಗೆ ಅರವತ್ತು ದಾಟಿದೆ. ತಳಿ ಕಡೆಯ ಹಳ್ಳಿಯವರು, ಮನೆಮಾತು ಕನ್ನಡ. ಅಕ್ಷರ ಕಲಿತದ್ದೂ ಕನ್ನಡ ಶಾಲೆಯಲ್ಲೇ. ದೊಡ್ಡ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಟರ್ನರ್ ಆಗಿ ದುಡಿದು ಹೊರಬಂದವರು. ಅವರ ಲೇತಿನ ಮೇಲಿದ್ದ ಹೆಸರನ್ನು ಎಣ್ಣೆ ಒರೆಸಿ ಓದಿದೆವು: ಮೈಸೂರು ಕಿರ್ಲೋಸ್ಕರ್, ಹರಿಹರ. 1941ರಲ್ಲಿ ಶುರುವಾದ ಆ ಕಾರ್ಖಾನೆಯೂ ಈಗ ಇಲ್ಲ. ಮೈಸೂರಿನ ಬೈಕು, ಹರಿಹರದ ಲೇತು, ತಳಿಯ ಕನ್ನಡಿಗ, ಎಲ್ಲ ಸೇರಿದ್ದು ತಮಿಳುನಾಡಿನಲ್ಲಿ!

"ಯಾವೂರು ಸಾರ್?" ಎಂದು ಕೇಳಿದರು. ಹೇಳಿದೆವು. ಚೀಲ ಬಿಚ್ಚಿ ಕ್ರಾಂಕ್ ನೋಡಿದ ಕೂಡಲೇ ಅವರ ಮುಖ ಗಂಟಿಕ್ಕಿತು.

"ಇದಕ್ಕೆ ವೆಲ್ಡ್ ಯಾರ್ ಸಾರ್ ಇಟ್ಟಿದ್ದು?"

ಕಥೆಯನ್ನೆಲ್ಲ ಹೇಳಿಕೊಂಡೆವು. ಅವರು ಯಾರನ್ನೂ ಬೈಯಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದರು, ಮೈಕ್ರೋಮೀಟರ್ ಹಿಡಿದು ಅಳೆದರು, ಒಂದು ಹಳೇ ಕ್ಯಾಲೆಂಡರಿನ ಹಿಂದೆ ಅಂಕಿಗಳನ್ನು ಬರೆದುಕೊಂಡರು. ಎಷ್ಟು ದಿನ ಎಂದು ಕೇಳಿದರೆ, "ಬಿಚ್ಚಿದ ಮೇಲೆ ಹೇಳ್ತೀನಿ." ಎಷ್ಟು ಹಣ ಎಂದರೆ, "ಅದೂ ಬಿಚ್ಚಿದ ಮೇಲೇನೆ." ಸಿಲಿಂಡರನ್ನೂ ಬೋರ್ ಮಾಡಿಸಬೇಕೆಂದು ತೋರಿಸಿದೆವು. "ಪಿಸ್ಟನ್ ಎಲ್ಲಿ?" ಎಂದರು. ಇನ್ನೂ ಕೊಂಡಿರಲಿಲ್ಲ. "ಮೊದಲು ಪಿಸ್ಟನ್ ತನ್ನಿ. ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಬೇಕು. ಡಬ್ಬದ ಮೇಲೆ ಬರೆದಿರೋದನ್ನ ನಂಬಿ ಬೋರ್ ಮಾಡಬಾರದು" ಎಂದು ಸಿಲಿಂಡರನ್ನು ವಾಪಸ್ ಕೊಟ್ಟರು. ಓದುಗರಲ್ಲಿ ಯಾರಾದರೂ ಹಳೆಯ ಗಾಡಿ ಇಟ್ಟುಕೊಂಡಿದ್ದರೆ ಈ ಒಂದು ಮಾತನ್ನು ಗುರುತಿಟ್ಟುಕೊಳ್ಳಿ. ಪಿಸ್ಟನ್ ನೋಡದೆಯೇ ಬೋರಿಂಗಿಗೆ ಇಳಿಯುವವರ ಅಂಗಡಿಯಿಂದ ಎದ್ದು ಬರುವುದೇ ಕ್ಷೇಮ. ನಮ್ಮ ಮೊದಲ ವರ್ಕ್‌ಶಾಪಿನವರು ಎರಡೇ ನಿಮಿಷದಲ್ಲಿ ದಿನವನ್ನೂ ಹಣವನ್ನೂ ಹೇಳಿಬಿಟ್ಟಿದ್ದರು ಎಂಬುದು ಆಗ ನೆನಪಾಯಿತು.

ಬಿಚ್ಚಿದ ಮೇಲೆ ತಿಳಿದದ್ದು ಕೆಟ್ಟ ಸುದ್ದಿ. ಪಿನ್ನು ಕೂರುವ ರಂಧ್ರಗಳು ದುಂಡಗೆ ಉಳಿದಿರಲಿಲ್ಲ, ಮೊಟ್ಟೆಯ ಹಾಗೆ ಆಗಿದ್ದವು. ಹೊಸ ಪಿನ್ನು ಹಾಕಿದರೂ ನಿಲ್ಲುವುದಿಲ್ಲ. "ಎರಡು ದಾರಿ ಇದೆ ಸಾರ್" ಎಂದರು ಮೇಸ್ತ್ರಿ. "ಮತ್ತೆ ವೆಲ್ಡ್ ಇಟ್ಟು ಕಳಿಸಬಹುದು, ಅದನ್ನ ನಾನು ಮಾಡಲ್ಲ. ಇಲ್ಲಾಂದ್ರೆ ರಂಧ್ರ ದೊಡ್ಡದು ಮಾಡಿ ಅದಕ್ಕೆ ತಕ್ಕ ಪಿನ್ನು ನಾವೇ ಮಾಡಬೇಕು. ಒಂದೇ ಸಲಕ್ಕೆ ಸರಿಯಾಗಬೇಕು. ತಪ್ಪಿದರೆ ಈ ಚಕ್ರ ಗುಜರಿಗೇ." ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪೂಜೆಗೆ ಇನ್ನು ಮೂರು ವಾರ. "ಮಾಡಿ ಅಣ್ಣ" ಎಂದೆವು.

ಹೊಸೂರಿಗೇ ಯಾಕೆ ಹೋಗಬೇಕೆಂದು ನಮ್ಮ ಮೆಕ್ಯಾನಿಕ್ ಹೇಳಿದ್ದು ಆಗ ಅರ್ಥವಾಯಿತು. ಆ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ರಂಧ್ರ ಕೊರೆಯಲು ಪಕ್ಕದ ಬೀದಿಯ ಜಿಗ್ ಬೋರಿಂಗ್ ಅಂಗಡಿ. ಜಾವಾದ ಪಿಸ್ಟನ್ 75 ಮಿಲಿಮೀಟರ್ ಮೇಲೆ ಕೆಳಗೆ ಓಡುತ್ತದೆ, ಅಂದರೆ ರಂಧ್ರ ಚಕ್ರದ ನಡುವಿನಿಂದ ಸರಿಯಾಗಿ 37.5 ಮಿಲಿಮೀಟರ್ ದೂರದಲ್ಲಿರಬೇಕು. ಎರಡು ಚಕ್ರಗಳಲ್ಲೂ ಅಷ್ಟೇ ಇರಬೇಕು. ಒಂದರಲ್ಲಿ ಕೂದಲೆಳೆಯಷ್ಟು ಹೆಚ್ಚಾದರೂ ಜೀವಮಾನವಿಡೀ ಎಂಜಿನ್ ನಡುಗುತ್ತಲೇ ಇರುತ್ತದೆ. ಪಿನ್ನಿಗೆ ಬೇಕಾದ ಉಕ್ಕಿನ ತುಂಡು ಮೇಸ್ತ್ರಿಯ ಬಳಿಯೇ ಇತ್ತು. ಆ ಉಕ್ಕಿನ ಹೆಸರು ಇಎನ್ 353. ನಮ್ಮ ಜಾವಾದ ಮಾಡೆಲ್ ನಂಬರೂ 353! ಇದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಆದರೂ ನಮಗೆ ಶುಭಶಕುನದಂತೆ ಕಂಡಿತು. ಮೇಸ್ತ್ರಿ ನಕ್ಕು ಸುಮ್ಮನಾದರು.

ಪಿನ್ನಿನ ನಡುಭಾಗ ರೋಲರುಗಳು ಓಡಲು ಮೊದಲಿನ ಅಳತೆಯಲ್ಲೇ ಇರಬೇಕು, ಎರಡು ತುದಿಗಳು ಮಾತ್ರ ದಪ್ಪ. ಹಾಗೆ ತಿರುವಿ ತೆಗೆದ ಮೇಲೆ ಅದನ್ನು ಗಟ್ಟಿ ಮಾಡಿಸಬೇಕು. ಕುಲುಮೆಯವರು ಒಂದು ಪಿನ್ನಿಗಾಗಿ ಬೆಂಕಿ ಹಚ್ಚುವುದಿಲ್ಲ. ಯಾವುದೋ ಕಂಪನಿಯ ಗೇರುಗಳ ರಾಶಿ ಒಳಗೆ ಹೋಗುವ ದಿನಕ್ಕೆ ಕಾದು, ತಂತಿಯಲ್ಲಿ ಕಟ್ಟಿದ ನಮ್ಮ ಪಿನ್ನನ್ನೂ ಅದರ ಜೊತೆ ಸೇರಿಸಿದರು. ಸುಮಾರು 900 ಡಿಗ್ರಿ ಶಾಖದಲ್ಲಿ ಉಕ್ಕಿನ ಮೈ ಇಂಗಾಲವನ್ನು ಹೀರಿಕೊಳ್ಳುತ್ತದೆ. ಆಮೇಲೆ ಎಣ್ಣೆಯಲ್ಲಿ ಅದ್ದಿದರೆ ಹೊರಮೈ ಗಾಜಿನಂತೆ ಗಡಸು, ಒಳಗೆ ಮಾತ್ರ ಪೆಟ್ಟು ತಡೆಯುವ ಮೃದುಗುಣ. ಹೊರಗೂ ಒಳಗೂ ಒಂದೇ ಗಡಸಾದರೆ ಪಿನ್ನು ಪಟ್ಟನೆ ಮುರಿಯುತ್ತದಂತೆ. ಕೊನೆಗೆ ಇನ್ನೊಂದು ಅಂಗಡಿಯಲ್ಲಿ ಗ್ರೈಂಡಿಂಗ್. ಇಷ್ಟೆಲ್ಲ ಅರ್ಧ ಕಿಲೋಮೀಟರಿನ ಸುತ್ತಳತೆಯಲ್ಲಿ ಆಯಿತು. ಮೇಸ್ತ್ರಿ ತಮ್ಮ ಹಳೇ ಟಿವಿಎಸ್‌ನಲ್ಲಿ ಪಿನ್ನನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಯಿಂದ ಅಂಗಡಿಗೆ ಓಡಾಡಿದರು.

ಜೋಡಿಸುವ ದಿನ ನಮ್ಮನ್ನೂ ಕರೆದರು. "ನಿಮ್ಮ ಕಣ್ಣೆದುರೇ ಆಗಲಿ" ಎಂದರು. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಪಿನ್ನು ಕಿರ್‌ರ್ ಎನ್ನುತ್ತಾ ಒಳಗೆ ಹೋಯಿತು. ಈಗ ಎರಡು ಚಕ್ರಗಳನ್ನು ಒಂದೇ ಸಾಲಿಗೆ ತರಬೇಕು. ಅವರು ಸ್ಟೀಲ್ ಸ್ಕೇಲನ್ನು ಎರಡೂ ಚಕ್ರಗಳ ಅಂಚಿನ ಮೇಲೆ ಅಡ್ಡಲಾಗಿಟ್ಟರು. ಸ್ಕೇಲು ಅಲ್ಲಾಡಿತು. ಒಂದು ಪೆಟ್ಟು ಕೊಟ್ಟು ಮತ್ತೆ ಇಟ್ಟರು. ಮತ್ತೂ ಅಲ್ಲಾಡಿತು. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಬೆರಳಿನಿಂದ ಅಂಚನ್ನು ಸವರಿದರು.

"ಈ ಚುಕ್ಕೆ ಯಾರು ಹೊಡೆದಿದ್ದು ಸಾರ್?"

ನಾವು ನೆಲ ನೋಡಿದೆವು. ಪಂಚಿನ ಪೆಟ್ಟಿಗೆ ಉಕ್ಕು ಚುಕ್ಕೆಯ ಸುತ್ತ ಸಣ್ಣಗೆ ಉಬ್ಬಿಕೊಂಡಿತ್ತು. ಸ್ಕೇಲು ಕೂತದ್ದು ಆ ಉಬ್ಬಿನ ಮೇಲೆ. ಕೊನೆಗೆ ತಮ್ಮನೇ, "ನಾವೇ ಅಣ್ಣ, ಗುರುತಿಗೆ" ಎಂದ.

ಅವರು ಏನೂ ಹೇಳದೆ ಎಣ್ಣೆಕಲ್ಲು ತೆಗೆದುಕೊಂಡು ಆರು ಚುಕ್ಕೆಗಳನ್ನೂ ಮೆಲ್ಲಗೆ ಉಜ್ಜತೊಡಗಿದರು. ಉಜ್ಜುತ್ತಲೇ ಗದ್ದದಿಂದ ಗೋಡೆಯ ಕಡೆ ತೋರಿಸಿದರು. ಅಲ್ಲೊಂದು ಕಬ್ಬಿಣದ ಕಪಾಟು. ಅದರ ತುಂಬ ಸಿಲಿಂಡರು, ಗೇರು, ಶಾಫ್ಟುಗಳು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಹೆಸರು, ಊರು. ಕೆಲವು ಹೆಸರುಗಳು ಮಾಸಿಹೋಗಿದ್ದವು.

"ಎಲ್ಲ ಕೆಲಸ ಮುಗಿಸಿಟ್ಟಿರೋದು ಸಾರ್. ನಾಳೆ ಬಂದು ದುಡ್ಡು ಕೊಟ್ಟು ತಗೊಂಡು ಹೋಗ್ತೀವಿ ಅಂದವರು ಬರಲೇ ಇಲ್ಲ. ನಾನು ಯಾರಿಗೆ ಪಂಚ್ ಹೊಡೀಲಿ?"

ಹೇಳಿ ತಾವೇ ನಕ್ಕರು. ನಮಗೆ ನಗು ಬರಲಿಲ್ಲ. "ಮುಂದಿನ ಸಲ ಪೇಂಟ್ ಹಚ್ಚಿ ಸಾರ್, ಸಾಕು" ಎಂದು ಮತ್ತೆ ಕೆಲಸಕ್ಕೆ ತೊಡಗಿದರು. ಲೇತಿನ ಎರಡು ಮೊನೆಗಳ ನಡುವೆ ಕ್ರಾಂಕನ್ನು ಸಿಕ್ಕಿಸಿ, ಡಯಲ್ ಗೇಜ್ ಇಟ್ಟು, ಕೈಯಿಂದ ತಿರುಗಿಸಿ, ಮುಳ್ಳು ಹೋದ ಕಡೆ ನೋಡಿ, ತಾಮ್ರದ ಸುತ್ತಿಗೆಯಲ್ಲಿ ಒಂದು ಪೆಟ್ಟು. ಮತ್ತೆ ತಿರುಗಿಸಿ, ಮತ್ತೆ ಪೆಟ್ಟು. ಒಂದೂವರೆ ಗಂಟೆ. ಮೊದಲು ಹುಚ್ಚಾಗಿ ಓಡುತ್ತಿದ್ದ ಮುಳ್ಳು ಕಡೆಕಡೆಗೆ ಎರಡು ಗೆರೆಗಳ ನಡುವೆ ಉಸಿರಾಡುವಂತೆ ಅಲುಗಿತು. ಒಂದು ಗೆರೆ ಎಂದರೆ ಮಿಲಿಮೀಟರಿನ ನೂರನೇ ಒಂದು ಭಾಗ.

ಬೋರ್ ಮಾಡಿಸಿ ತಂದಿದ್ದ ಸಿಲಿಂಡರನ್ನು ಕೊಡುವ ಮುನ್ನ ಅದರ ಒಳಗಿನ ಕಿಂಡಿಗಳ ಅಂಚನ್ನೆಲ್ಲ ಸಣ್ಣ ಅರದಿಂದ ತಾವೇ ಮೊಂಡು ಮಾಡಿದರು. ಟೂ ಸ್ಟ್ರೋಕ್ ಸಿಲಿಂಡರಿನಲ್ಲಿ ಆ ಅಂಚು ಚೂಪಾಗಿ ಉಳಿದರೆ ಪಿಸ್ಟನ್ ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತದೆ. ಇದಕ್ಕೆ ಅವರು ಬಿಲ್ಲಿನಲ್ಲಿ ಏನೂ ಸೇರಿಸಲಿಲ್ಲ. ಹಳೆಯ ಪಿನ್ನು, ಸವೆದ ರೋಲರುಗಳು, ಮಿಕ್ಕ ಉಕ್ಕಿನ ತುಂಡು ಎಲ್ಲವನ್ನೂ ಕವರಿನಲ್ಲಿ ಹಾಕಿ ಕೊಟ್ಟರು. "ನಿಮ್ಮ ಸಾಮಾನು, ಎಣಿಸಿಕೊಳ್ಳಿ" ಎಂದರು. ನಾವು ಎಣಿಸಲಿಲ್ಲ.

ಚಹಾ ಕುಡಿಯುತ್ತಾ ಮಗನ ಬಗ್ಗೆ ಕೇಳಿದೆವು. ಎಲೆಕ್ಟ್ರಿಕ್ ಸ್ಕೂಟರ್ ಕಾರ್ಖಾನೆಯಲ್ಲಿ ಕೆಲಸ. ಈಗ ಈ ಜಿಲ್ಲೆ ಅದಕ್ಕೇ ಹೆಸರುವಾಸಿ. 2021ರಿಂದ ಹೊಸೂರಿನಲ್ಲಿ ಏಥರ್, ಪೋಚಂಪಳ್ಳಿಯ ಕಡೆ ಓಲಾ. "ಅವನು ಮಾಡೋ ಗಾಡೀಲಿ ಪಿಸ್ಟನ್ನೂ ಇಲ್ಲ, ಕ್ರಾಂಕೂ ಇಲ್ಲ ಸಾರ್. ಈ ಲೇತು ಅವನಿಗೆ ಯಾಕೆ?" ಎಂದರು. ದುಃಖವೇನೂ ಇರಲಿಲ್ಲ ಆ ಮಾತಿನಲ್ಲಿ. ಮಗನಿಗೆ ತಿಂಗಳ ಸಂಬಳ ಬರುತ್ತದೆ, ಅಪ್ಪನ ಹಾಗೆ ಕಪಾಟಿನ ಕಡೆ ನೋಡಿಕೊಂಡು ಕೂರಬೇಕಿಲ್ಲ.

ಊರಿನ ಮೆಕ್ಯಾನಿಕ್ ಎಂಜಿನ್ ಜೋಡಿಸಿದರು. ಮೊದಲ ಐನೂರು ಕಿಲೋಮೀಟರ್ ನಿಧಾನ, ಪೆಟ್ರೋಲಿಗೆ ಎಣ್ಣೆ ಸ್ವಲ್ಪ ಜಾಸ್ತಿ ಎಂದು ಮೇಸ್ತ್ರಿ ಫೋನಿನಲ್ಲಿ ಮೂರು ಸಲ ಹೇಳಿದರು. ಅಪ್ಪನ ಪೂಜೆಗೆ ನಾಲ್ಕು ದಿನವಿರುವಾಗ ಹಿತ್ತಲಿನಲ್ಲಿ ಗಾಡಿ ನಿಲ್ಲಿಸಿ ಎಡಗಡೆಯ ಗೇರ್ ಕಡ್ಡಿಯನ್ನು ಒಳಕ್ಕೊತ್ತಿ ಮೇಲೆ ತಿರುಗಿಸಿದೆವು. ಜಾವಾದಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಕಡ್ಡಿ. ಮೂರನೇ ಕಿಕ್ಕಿಗೆ ಎಂಜಿನ್ ಹೊತ್ತಿಕೊಂಡಿತು. ಹಳೆಯ ಡುಗು ಡುಗು ಸದ್ದು. ಒಳಗೆ ಕಲ್ಲು ಅಲ್ಲಾಡಿಸಿದ ಸದ್ದು ಇರಲಿಲ್ಲ.

ಅಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು. ಆಮೇಲೆ, "ಎಡಗಡೆ ಸೈಲೆನ್ಸರ್ ಸದ್ದು ಜಾಸ್ತಿ ಇದೆ, ಅದನ್ನೂ ನೋಡಿಸಿ. ಅಪ್ಪ ಹಾಗೆ ಬಿಡುತ್ತಿರಲಿಲ್ಲ" ಎಂದು ಒಳಗೆ ಹೋದರು.